ಕೋಣ ಕೂಗುವಷ್ಟು ಹೊತ್ತು

ಬೆಳಿಗ್ಗೆ ಎದ್ದಾಗ ಕಿಟಕಿಯ ಆಚೆ ಏನೂ ಇರಲಿಲ್ಲ. ನಿನ್ನೆ ಸಂಜೆಯವರೆಗೆ ಅಲ್ಲಿದ್ದ ಕೋಳಿಗೂಡು, ಮಳೆನೀರಿನ ತೊಟ್ಟಿ, ಬಟ್ಟೆ ಒಣಗಿಸುವ ತಂತಿ, ಬಂಡೆ, ಬಂಡೆಯಾಚೆಯ ಸಮುದ್ರ ಎಲ್ಲವನ್ನೂ ಮಂಜು ನುಂಗಿ ಕೂತಿತ್ತು. ಹಾಗಾದರೆ ಇವತ್ತು ದೋಣಿ ಬರಲಾರದು ಎಂದುಕೊಂಡಳು. ಅಂದುಕೊಂಡ ತಕ್ಷಣ ಎದೆ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಮಗಳನ್ನು ಇನ್ನೊಂದು ದಿನ ಹತ್ತಿರ ಇಟ್ಟುಕೊಳ್ಳಬೇಕೆನ್ನುವ ಆಸೆಯೇ ಇದು, ಅಥವಾ ಮಗಳ ಬಾಯಿಂದ ಒಂದು ವಿಷಯ ತಿಳಿದುಕೊಳ್ಳುವುದನ್ನು ಇನ್ನೊಂದು ದಿನ ಮುಂದೂಡುವ ಆಸೆಯೇ? ಅಷ್ಟರಲ್ಲಿ ಕೋಣ ಕೂಗಿತು. ಗೋಡೆಗೆ ತೂಗುಹಾಕಿದ್ದ ಸೌಟುಗಳು ಸಣ್ಣಗೆ ಒಂದಕ್ಕೊಂದು ತಾಗಿದವು. ಅವಳು ಬೆಂಕಿಕಡ್ಡಿ ಗೀರಲು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತಳು. ಕೂಗು ನಿಂತ ಮೇಲೆ ಗೀರಿ ಒಲೆ ಹಚ್ಚಿದಳು.

ಮಂಜು ಕವಿದ ದಿನ ಹಡಗಿನವರಿಗೆ ದೀಪ ಕಾಣುವುದಿಲ್ಲ, ಆದ್ದರಿಂದ ಕಿವಿಗಾದರೂ ಕೇಳಲಿ ಎಂದು ದೀಪಸ್ತಂಭದ ಗೋಪುರದ ಬುಡದ ಯಂತ್ರದ ಕೋಣೆಯಲ್ಲಿ ಒಂದು ದೊಡ್ಡ ಕಹಳೆ ಇಟ್ಟಿದ್ದರು. ಅದಕ್ಕೆ ಕೋಣ ಎಂದು ಹೆಸರಿಟ್ಟವನು ಅವಳ ಗಂಡ. ಮದುವೆಯಾದ ಹೊಸದರಲ್ಲಿ, ಈ ದ್ವೀಪಕ್ಕೆ ಬಂದ ಮೊದಲ ವಾರವೇ, ಅದರ ಕೂಗಿಗೆ ಬೆಚ್ಚಿ ಅವಳು ಹಾಲಿನ ಪಾತ್ರೆ ಕೈಬಿಟ್ಟಾಗ, "ಹೆದರಬೇಡ ಕಣೇ, ಅದು ಕೋಣ, ಗಟ್ಟಿಯಾಗಿ ಕಟ್ಟಿಹಾಕಿದೀವಿ" ಅಂದಿದ್ದ. ಆಗ ನಕ್ಕಿದ್ದಳು. ಆ ವಯಸ್ಸಿನಲ್ಲಿ ಯಾವುದಕ್ಕೆ ತಾನೆ ನಗುತ್ತಿರಲಿಲ್ಲ. ಕೂಗಿನ ನಡುವೆ ಮಾತಾಡಿದರೆ ಗಂಟಲು ಹರಿದುಹೋಗುವುದೇ ಹೊರತು ಪಕ್ಕದಲ್ಲಿ ಕೂತವನಿಗೂ ಕೇಳುವುದಿಲ್ಲ. ಹಾಗಾಗಿ ದ್ವೀಪದಲ್ಲಿ ಎಲ್ಲರೂ ಕೋಣ ಕೂಗಿದೊಡನೆ ಮಾತನ್ನು ಎಲ್ಲಿದೆಯೋ ಅಲ್ಲೇ ನಿಲ್ಲಿಸುತ್ತಿದ್ದರು, ಕೂಗು ಮುಗಿದ ಮೇಲೆ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. "ಆ ಉಪ್ಪಿನ" ಎನ್ನುತ್ತಿದ್ದ ಗಂಡ. ಎಲ್ಲರೂ ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತಿರುತ್ತಿದ್ದರು. "ಡಬ್ಬಿ ಈ ಕಡೆ ತಳ್ಳು" ಎಂದು ಮುಗಿಸುತ್ತಿದ್ದ. ಈ ಚಾಳಿ ಎಷ್ಟು ಮೈಗೂಡಿತ್ತೆಂದರೆ, ತಮ್ಮನ ಮನೆಗೆ ಹೋದಾಗ ಬೀದಿಯಲ್ಲಿ ಯಾವುದೋ ಲಾರಿ ಹಾರ್ನ್ ಹೊಡೆದದ್ದಕ್ಕೆ ಮಾತು ನಿಲ್ಲಿಸಿ ಬಾಯಿ ಅರೆತೆರೆದು ಕೂತಿದ್ದಳು. ನಾದಿನಿ ತನ್ನ ಗೆಳತಿಯರ ಕಡೆ ನೋಡಿ ತುಟಿ ಕಚ್ಚಿಕೊಂಡಿದ್ದಳು. ಇವಳು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಅಲ್ಲೇ ತುಂಬಾ ಹೊತ್ತು ನಿಂತಿದ್ದಳು.

ಮಗು ಇನ್ನೂ ಮಲಗಿತ್ತು. ಹುಟ್ಟಿದಾಗ ಹಣೆಯ ತುಂಬ ಗೆರೆ, ಲೋಕದ ಮೇಲೆಲ್ಲ ಏನೋ ತಕರಾರು ಇದ್ದ ಹಾಗೆ ಮುಖ. ಗಂಡ ಅವತ್ತೇ ಪುಟ್ಟಜ್ಜಿ ಎಂದು ಕರೆದುಬಿಟ್ಟ. ಎಂಟು ತುಂಬಿದ ಮೇಲೂ ಅದೇ ಹೆಸರು, ಅದೇ ಗಾಂಭೀರ್ಯ. ಮಂಚದ ಪಕ್ಕದಲ್ಲಿ ತಗಡಿನ ಟ್ರಂಕು ತುಂಬಿ ತಯಾರಾಗಿತ್ತು. ಇವತ್ತಿನ ದೋಣಿಯಲ್ಲಿ ಗಂಡ ಅದನ್ನು ಎತ್ತಿಕೊಂಡು, ಮಗಳನ್ನು ಕರೆದುಕೊಂಡು ಆಚೆ ದಡಕ್ಕೆ ಹೋಗಿ, ಕಿವಿ ಕೇಳದ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಬಿಟ್ಟು ಬರುವುದೆಂದು ನಿಶ್ಚಯವಾಗಿತ್ತು. ಕಿವಿ ಕೇಳದ ಮಕ್ಕಳ ಶಾಲೆ. ಈ ಮಾತನ್ನು ಅವಳು ಇನ್ನೂ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದಾಗ ಅದು ಎದುರಿನ ಗೋಡೆಯ ಮೇಲಿನ ಪಟದಲ್ಲಿದ್ದ ಕುದುರೆಯನ್ನು ನೋಡುತ್ತ ಕಾಲಾಡಿಸುತ್ತಿತ್ತು. ಆಮೇಲೆ ಎದುರು ಕೂತು, ಒಂದು ರಟ್ಟನ್ನು ಬಾಯಿಗೆ ಅಡ್ಡ ಹಿಡಿದು, "ನಿಮ್ಮ ಮನೇಲಿ ಕೋಳಿ ಇದೆಯಾ?" ಅಂದರು. ಮಗು ಸುಮ್ಮನಿತ್ತು. ರಟ್ಟು ತೆಗೆದು ಅದನ್ನೇ ಕೇಳಿದರು. "ಐದಿವೆ, ಕಪ್ಪುದು ಮಾತ್ರ ನನ್ನದು" ಅಂದಿತು, ಇಡೀ ಆಸ್ಪತ್ರೆಗೆ ಕೇಳುವಂತೆ.

"ತಾಯಿಗೇ ಗೊತ್ತಾಗಲಿಲ್ಲ ಅಂದ್ರೆ ನಂಬೋದು ಕಷ್ಟ ಅಮ್ಮಾ," ಅಂದರು ಡಾಕ್ಟರು. ನರ್ಸು ಹತ್ತಿಯ ಸುರುಳಿಯಿಂದ ಕಣ್ಣೆತ್ತಿ ಅವಳನ್ನು ಒಮ್ಮೆ ಅಳೆದು ಮತ್ತೆ ಹತ್ತಿ ಕೀಳತೊಡಗಿದಳು. ಏನು ಹೇಳಬೇಕಿತ್ತು? ಗಾಳಿಯಲ್ಲಿ ನಾವೆಲ್ಲ ಕಿರುಚಿಯೇ ಮಾತಾಡುವುದು, ಒಬ್ಬರನ್ನೊಬ್ಬರು ಭುಜ ಮುಟ್ಟಿಯೇ ಕರೆಯುವುದು, ನಮ್ಮಲ್ಲಿ ಎಲ್ಲರೂ ಅರ್ಧ ಕಿವುಡರ ಹಾಗೇ ಇರುವುದು ಎನ್ನಬೇಕಿತ್ತೆ? "ಕೋಣ ಕೂಗಿದ್ರೆ ಇವಳೂ ಮಾತು ನಿಲ್ಲಿಸ್ತಿದ್ದಳು" ಎಂದಳು, ಅಪರಾಧಿ ಸಾಕ್ಷಿ ಒಪ್ಪಿಸುವ ದನಿಯಲ್ಲಿ. ಯಾವ ಕೋಣ ಎಂದು ಡಾಕ್ಟರು ಕೇಳಿ, ಗಂಡ ವಿವರಿಸಿ, ನರ್ಸು ನಕ್ಕು, ಕೊನೆಗೆ ಮಗುವನ್ನೇ ಕೇಳಿದ್ದಾಯಿತು. "ಕಾಲಲ್ಲಿ ಬರುತ್ತೆ. ನೆಲ ಗುರ್ ಅನ್ನುತ್ತೆ" ಅಂದಿತು. ಗಂಡನ ಮುಖ ಅರಳಿತು. ಮಗಳು ಕಾಲಿನಿಂದ ಕೇಳುವುದು ಅವನಿಗೆ ಬಹುಮಾನ ಬಂದ ಹಾಗಿತ್ತು. "ಕಮ್ಮಿ ಅಂದ್ರೂ ಎರಡು ವರ್ಷದಿಂದ ತುಟಿ ನೋಡಿಯೇ ನಿಭಾಯಿಸಿದಾಳೆ. ಜಾಣೆ. ಅವಳಿಗೆ ಒಂದು ಮಾತೂ ತಪ್ಪಲ್ಲ," ಎಂದು ಡಾಕ್ಟರು ಮಗುವಿನ ಕೆನ್ನೆ ತಟ್ಟಿದರು. ಒಂದು ಮಾತೂ ತಪ್ಪಲ್ಲ. ಅಲ್ಲಿಯವರೆಗೆ ಅವಳಿಗೆ ದುಃಖವಾಗಿತ್ತು. ಆ ಕ್ಷಣದಿಂದ ಭಯವಾಯಿತು. ಹಾಸ್ಟೆಲಿನ ಮಾತು ಬಂದಾಗ, ಮಕ್ಕಳು ಸಾಮಾನ್ಯವಾಗಿ ಅಳುತ್ತವೆ, ನೀವೇ ಸಮಾಧಾನ ಮಾಡಬೇಕು ಎಂದು ಅವರು ಹೇಳುತ್ತಿದ್ದಂತೆಯೇ, ತುಟಿ ನೋಡುತ್ತ ಕೂತಿದ್ದ ಮಗು, ಯಾರೂ ಕೇಳದೆಯೇ, "ನಾನು ಹೋಗ್ತೀನಿ" ಅಂದಿತ್ತು. ಹಿಂತಿರುಗುವಾಗ ದೋಣಿಯ ಎಂಜಿನ್ನು ಶುರುವಾದೊಡನೆ ಅದು ಮಾತಾಡುತ್ತಿದ್ದದ್ದನ್ನು ನಿಲ್ಲಿಸಿ ಕೂತಿತು. ದೋಣಿಯವನು, "ನೋಡಿ, ಇದಕ್ಕೂ ಕೋಣ ಅಂದ್ಕೊಂಡಳು" ಎಂದು ನಕ್ಕ. ಎಲ್ಲರೂ ನಕ್ಕರು. ಅವಳು ಅಂಚಿಗೆ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಆ ಎಂಜಿನ್ನಿನ ನಡುಕ ಕಾಲಿನಿಂದ ಹತ್ತಿ ಹೊಟ್ಟೆಗೆ ಬರುತ್ತಿತ್ತು.

ಹೇಗೆ ಶುರುವಾಯಿತು, ಕೂಗಿನ ಮರೆಯಲ್ಲಿ ಮಾತಾಡುವ ಆ ಚಟ? ಮಂಜು ಹತ್ತು ಹನ್ನೆರಡು ದಿನ ಬಿಡದೆ ಕವಿದಿದ್ದ ಒಂದು ಕಾಲದಲ್ಲಿ ಎಂಬಷ್ಟೇ ನೆನಪು. ಗಂಡ ದೀಪದ ಗಾಜನ್ನು ಯಾವ ಬಟ್ಟೆಯಿಂದ ಒರೆಸಿದರೆ ಗೆರೆ ಬೀಳುವುದಿಲ್ಲ ಎಂಬುದನ್ನು ಮೂರನೆಯ ಸಲವೋ ನಾಲ್ಕನೆಯ ಸಲವೋ ವಿವರಿಸುತ್ತಿದ್ದ. ಕೋಣ ಕೂಗಿತು. ಅವಳು ಟೀ ಬಗ್ಗಿಸುತ್ತ, ಮುಖದಲ್ಲಿ ನಗು ಹಾಗೇ ಇರಿಸಿಕೊಂಡು, "ಬಾಯಿ ಮುಚ್ರೀ ಸಾಕು" ಅಂದಳು. ಏನೂ ಆಗಲಿಲ್ಲ. ಲೋಟ ನೋಡುತ್ತಿದ್ದ ಅವನು ಕೂಗು ನಿಂತ ಮೇಲೆ ಬಟ್ಟೆಯ ವಿಷಯ ಮುಂದುವರಿಸಿದ. ಅವಳಿಗೆ ಎಷ್ಟೋ ದಿನದ ಮೇಲೆ ಮೈ ಹಗುರಾದ ಹಾಗೆ ಅನ್ನಿಸಿತು. ಮೂರು ಕೋಣೆಯ ಈ ಮನೆಯಲ್ಲಿ ಅವಳದೇ ಎನ್ನುವ ಒಂದು ಮೂಲೆ ಇರಲಿಲ್ಲ. ಎಲ್ಲಿ ಕೂತರೂ ಗಂಡನ ಕೆಮ್ಮು, ಯಂತ್ರದ ಎಣ್ಣೆಯ ವಾಸನೆ, ಸೊರಸೊರ ಟೀ ಹೀರುವ ಅವನ ಸಹಾಯಕ. ಈಗ ಸಿಕ್ಕಿತ್ತು ಒಂದು ಕೋಣೆ, ಕೋಣ ಕೂಗುವಷ್ಟು ಹೊತ್ತು ಮಾತ್ರ ಬಾಗಿಲು ತೆರೆಯುವಂಥದ್ದು. ಸಹಾಯಕನಿಗೆ ಹಂದಿ ಅಂದಳು. ಪಾಪ, ಒಳ್ಳೆಯ ಹುಡುಗ, ಅಕ್ಕಾ ಅಕ್ಕಾ ಎಂದು ಪ್ರಾಣ ಬಿಡುತ್ತಿದ್ದ. ಇಲಾಖೆಯನ್ನು ಬೈದಳು, ಈ ಸಂಬಂಧ ಮಾಡಿಸಿದ ಸೋದರಮಾವನನ್ನು ಬೈದಳು, ಸಮುದ್ರವನ್ನು ಬೈದಳು. ಗಂಡಸರು ಆ ಹೊತ್ತಿನಲ್ಲಿ ತಟ್ಟೆಯನ್ನೋ ಕಿಟಕಿಯನ್ನೋ ನೋಡುತ್ತಿದ್ದರು. ಮಗು ಯಾವಾಗಲೂ ಮುಖವನ್ನೇ ನೋಡುತ್ತಿತ್ತು. ಅದರ ಸ್ವಭಾವವೇ ಹಾಗೆ ಎಂದುಕೊಂಡಿದ್ದಳು.

ಆಮೇಲೆ ಜಡೆ ಹಾಕುವ ಹೊತ್ತಿನ ಆ ಮಾತು. "ನೀನೊಬ್ಬಳು ಹುಟ್ಟದೇ ಇದ್ದಿದ್ರೆ ನಾನು ಯಾವತ್ತೋ ದೋಣಿ ಹತ್ತಿ ಹೋಗಿಬಿಡ್ತಿದ್ದೆ." ಸಿಟ್ಟಿನಿಂದ ಹೇಳಿದ್ದಲ್ಲ. ದೇವರಾಣೆಗೂ ಅಲ್ಲ. ಬೈತಲೆ ತೆಗೆಯುತ್ತ, ನೆತ್ತಿಯ ಬಿಸಿ ಬೆರಳಿಗೆ ತಾಗುತ್ತಿರುವಾಗ, ಒಂದು ರೀತಿಯ ಅಕ್ಕರೆಯಿಂದಲೇ ಹೇಳುತ್ತಿದ್ದಳು. ಆ ವಾಕ್ಯ ಕೋಣದ ಒಂದು ಕೂಗಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಹೊಂದಿಕೊಂಡಿತ್ತು; ಕೂಗು ನಿಲ್ಲುವುದಕ್ಕೂ ಮಾತು ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಅದಕ್ಕೇ ಅದು ರೂಢಿಯಾಯಿತೋ ಏನೋ. ಮೊದಲು ನಿಜವೆಂದು ಹೇಳಿದಳು, ಆಮೇಲೆ ಬರೀ ಅಭ್ಯಾಸದಿಂದ ಹೇಳಿದಳು, ಈಗ ಅದು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ. ದೋಣಿ ಹತ್ತಿ ಎಲ್ಲಿಗೆ ಹೋಗುತ್ತಿದ್ದಳು? ತುಟಿ ಕಚ್ಚಿ ನಗುವ ನಾದಿನಿಯ ಮನೆಗೆ? ದೋಣಿಯಲ್ಲಿ ಕಾಲಿಟ್ಟರೆ ಕರುಳು ಕಿತ್ತು ಬರುವಂತೆ ವಾಂತಿ ಮಾಡುವವಳು. ಮಗುವಿನ ಬೆನ್ನು ಅವಳ ಕಡೆ ಇರುತ್ತಿತ್ತಲ್ಲ ಎಂದು ಆಸ್ಪತ್ರೆಯಿಂದ ಬಂದ ರಾತ್ರಿ ಎಷ್ಟು ಸಲ ಸಮಾಧಾನ ಹೇಳಿಕೊಂಡಳೋ. ಬೆನ್ನು ಇವಳ ಕಡೆ, ಸರಿ. ಎದುರಿಗೆ ಮೊಳೆಗೆ ತೂಗುಹಾಕಿದ ಕನ್ನಡಿ.

"ಬಾರೇ, ಜಡೆ ಹಾಕ್ತೀನಿ," ಎಂದು ಭುಜ ಮುಟ್ಟಿ ಕರೆದಳು. ಪುಟ್ಟಜ್ಜಿ ಹಾಲು ಕುಡಿದ ಮೀಸೆ ಒರೆಸಿಕೊಂಡು ಬಂದು ಕನ್ನಡಿಯ ಮುಂದಿನ ಮಣೆಯ ಮೇಲೆ ಕೂತಿತು. ಕನ್ನಡಿ ಇಷ್ಟು ವರ್ಷ ಅಲ್ಲೇ ಇದ್ದದ್ದಲ್ಲವೆ, ಒಂದು ದಿನವೂ ಅದರಲ್ಲಿ ಮಗುವಿನ ಕಣ್ಣು ಎಲ್ಲಿ ನೋಡುತ್ತದೆಂದು ಗಮನಿಸಿರಲಿಲ್ಲ. ಇವತ್ತು ಗಮನಿಸಿದಳು. ಕಣ್ಣು ನೇರವಾಗಿ ಅವಳ ಬಾಯಿಯ ಮೇಲಿತ್ತು. ಕೂದಲನ್ನು ಮೂರು ಎಳೆ ಮಾಡಿಕೊಂಡು ಕಾದಳು. ಈಗ ಕೋಣ ಕೂಗುತ್ತದೆ, ಕೂಗಿದೊಡನೆ ಬೇರೆ ಮಾತು ಹೇಳುತ್ತೇನೆ, ಹಳೆಯ ಮಾತು ಗೊತ್ತಿದ್ದರೆ ಇದೂ ಗೊತ್ತಾಗುತ್ತದೆ, ಗೊತ್ತಿಲ್ಲದಿದ್ದರೆ ನಷ್ಟವಿಲ್ಲ ಎಂದು ಬೆಳಗಿನ ಜಾವದಿಂದ ಲೆಕ್ಕ ಹಾಕಿಟ್ಟಿದ್ದಳು. ನೀನಿಲ್ಲದಿದ್ರೆ ನಾನು ಬದುಕ್ತಿರಲಿಲ್ಲ ಕಣೇ. ಇಷ್ಟೇ. ಕೋಣ ಕೂಗಿತು. ನೆಲ ನಡುಗಿತು. ಅವಳು ಬಾಯಿ ತೆರೆದಳು. ಕನ್ನಡಿಯಲ್ಲಿ ಮಗು ಕಣ್ಣು ಮುಚ್ಚಿಕೊಂಡಿತು.

ಸುಮ್ಮನೆ ಮುಚ್ಚಿದ್ದಲ್ಲ, ರೆಪ್ಪೆಗಳನ್ನು ಒತ್ತಿ, ಕಹಿ ಔಷಧಿ ಕುಡಿಯುವವರ ಹಾಗೆ ಮುಖ ಗಟ್ಟಿ ಮಾಡಿಕೊಂಡು ಕೂತಿತ್ತು. ಕೂಗು ನಿಂತಿತು, ನೆಲದ ನಡುಕ ಇಳಿಯಿತು, ಕಣ್ಣು ತೆರೆಯಿತು. "ಅಮ್ಮ, ನೋವಾಗ್ತಿದೆ, ಎಳೀಬೇಡ," ಅಂದಿತು. ಎಷ್ಟು ದಿನದಿಂದ ಹೀಗೆ ಕಣ್ಣು ಮುಚ್ಚುತ್ತಿತ್ತು? ಜಡೆ ಬಿಗಿಯಾದದ್ದಕ್ಕೆ ಮುಖ ಕಿವಿಚುತ್ತದೆ ಎಂದುಕೊಂಡು ಅವಳು ಎಷ್ಟೋ ಸಲ ಕೈ ಸಡಿಲಿಸಿದ್ದುಂಟು. ಇನ್ನು ಸಂಶಯಕ್ಕೆ ಜಾಗವಿರಲಿಲ್ಲ, ಆದರೂ ಸಂಶಯವನ್ನು ಹುಡುಕಿಕೊಂಡು ಹೋದಳು. ಕೂಗಿನ ನಡುಕಕ್ಕೆ ಹೆದರಿ ಮುಚ್ಚಿರಬಹುದು. ನಿದ್ದೆ ಸಾಲದೆ ಮುಚ್ಚಿರಬಹುದು. ಹಾಗಾದರೆ ಕೇಳಿಬಿಡಬಹುದಲ್ಲ, ಕೂಗು ಇಲ್ಲದಾಗ, ಎದುರಿಗೆ ಕೂರಿಸಿಕೊಂಡು, ಬಾಯಿಬಿಟ್ಟು? ಆದರೆ ಗೊತ್ತಿಲ್ಲದಿದ್ದರೆ ಕೇಳಿದ್ದರಿಂದಲೇ ಗೊತ್ತಾಗುತ್ತದೆ. ಹೀಗೆಂದು ತನಗೆ ತಾನೇ ಹೇಳಿಕೊಂಡಳು, ಇದು ಹೇಡಿತನ ಎಂಬುದೂ ಅವಳಿಗೆ ತಿಳಿದಿತ್ತು. ಜಡೆಯ ತುದಿಗೆ ರಿಬ್ಬನ್ನು ಕಟ್ಟಿದಳು.

ಗಂಡ ಮೇಲೆ ದೀಪದ ಕೋಣೆಯಲ್ಲಿ, ತಾನಿಲ್ಲದ ದಿನಗಳಿಗೆಂದು ಎಲ್ಲ ಅಣಿಮಾಡುತ್ತಿದ್ದ. ಗೋಪುರ ಹತ್ತಿ ಹೋದವಳು ಏದುಸಿರು ಬಿಡುತ್ತ ಬಾಗಿಲಲ್ಲೇ ನಿಂತಳು. ಸುತ್ತ ಗಾಜು, ಗಾಜಿನಾಚೆ ಬಿಳಿ. ನಡುವೆ ಆಳೆತ್ತರದ ದೀಪದ ಗಾಜು. ಅದನ್ನು ಹಗಲಿನಲ್ಲಿ ಪರದೆ ಎಳೆದು ಮುಚ್ಚಿಡಬೇಕು. ಇಲ್ಲದಿದ್ದರೆ ಬಿಸಿಲನ್ನು ಒಂದೆಡೆ ಕೂಡಿಸಿ ಎಲ್ಲಾದರೂ ಬೆಂಕಿ ಹಚ್ಚಿಬಿಡುತ್ತದೆ. ಅವನು ಮಂಡಿಯೂರಿ ಕೂತು ಹಿತ್ತಾಳೆಯ ಪಟ್ಟಿ ಉಜ್ಜುತ್ತಿದ್ದ.

"ರೀ, ಅವಳು ಅಷ್ಟು ಬೇಗ ಹೋಗ್ತೀನಿ ಅಂದಳಲ್ಲ, ಯಾಕಿರಬಹುದು?"

"ಧೈರ್ಯ ಜಾಸ್ತಿ ಅವಳಿಗೆ. ನನ್ನ ಹಾಗೆ," ಎಂದು ನಕ್ಕ. ಅವಳು ನಗದ್ದು ನೋಡಿ ಬಟ್ಟೆ ಕೆಳಗಿಟ್ಟ. "ಏನಾಯ್ತೀಗ?"

"ಕಳಿಸೋದು ಬೇಡ. ಇಲ್ಲೇ ಇರಲಿ. ನಾನೇ"

ಕೋಣ ಕೂಗಿತು. ಇಲ್ಲಿ ಅದರ ಸದ್ದು ಕಾಲ ಕೆಳಗಿನಿಂದ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ಇಬ್ಬರೂ ಎದುರುಬದುರು ನಿಂತರು. ಇದು ಅವಳ ಹೊತ್ತು, ಇಷ್ಟು ವರ್ಷ ಅವಳೊಬ್ಬಳದೇ ಆಗಿದ್ದ ಹೊತ್ತು. ಇವತ್ತು ಅದರೊಳಗೆ ಒಂದು ಬೈಗುಳವೂ ಹುಟ್ಟಲಿಲ್ಲ. ಗಂಡನ ಹುಬ್ಬಿನ ಮೇಲೆ ಹಿತ್ತಾಳೆಯ ಕರಿ ಮೆತ್ತಿತ್ತು. ಇವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು. ಒಂದು ದಿನವಾದರೂ ಕೈ ಎತ್ತಿದ್ದರೆ, ಕುಡಿದು ಬಂದಿದ್ದರೆ, ಆ ಮಾತಿಗೆ ಒಂದು ಕಾರಣವಾದರೂ ಸಿಗುತ್ತಿತ್ತು.

"ನೋಡ್ಕೋತೀನಿ," ಎಂದು ಮುಗಿಸಿದಳು.

"ನಿನಗೆ ಅವಳನ್ನ ಬಿಟ್ಟಿರೋಕಾಗಲ್ಲ, ನನಗೆ ಗೊತ್ತಿಲ್ವಾ? ಎರಡು ದಿನದಿಂದ ಊಟ ಮಾಡಿಲ್ಲ ನೀನು. ಹೆತ್ತ ಕರುಳು. ಆದ್ರೆ ಅವಳ ಬದುಕು ನೋಡ್ಬೇಕಲ್ವಾ ನಾವು?" ಎಂದು ಅವಳ ಹೆಗಲ ಮೇಲೆ ಕೈಯಿಟ್ಟ. ಹೆತ್ತ ಕರುಳು ಎಂದದ್ದು ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಈಗಲೇ ಹೇಳಿಬಿಡಬೇಕು, ಇವನ ಕಾಲ ಮೇಲೆ ಬಿದ್ದು ಹೇಳಿಬಿಡಬೇಕು ಎಂದು ಬಾಯಿಯವರೆಗೂ ಬಂತು. ಅವನ ಕಣ್ಣಿನಲ್ಲಿ ತನ್ನ ಬಗ್ಗೆ ಇದ್ದ ಮರುಕವನ್ನು ನೋಡಿ, ಅದನ್ನು ಕಳೆದುಕೊಳ್ಳಲು ಮನಸ್ಸಾಗದೆ, ಸೆರಗಿನಿಂದ ಅವನ ಹುಬ್ಬಿನ ಕರಿ ಒರೆಸಿದಳು. ಆಗ ಕೆಳಗಿನಿಂದ ಸಹಾಯಕ ಕೂಗಿ ಹೇಳಿದ, "ಸಾರ್, ದೋಣಿ ಬಂತು. ಅಕ್ಕಾ, ದೋಣಿ."

ಕೋಣದ ಸದ್ದು ಹಿಡಿದುಕೊಂಡೇ ದೋಣಿಯವನು ಮಂಜಿನಲ್ಲಿ ದಾರಿ ಮಾಡಿಕೊಂಡು ಬಂದಿದ್ದ. ಸಾಮಾನು ಇಳಿಸುವಷ್ಟರಲ್ಲಿ ಮಂಜು ತೆಳುವಾಯಿತು. ಮೊದಲು ಕೋಳಿಗೂಡು ಬಂತು, ಆಮೇಲೆ ತಂತಿ, ಆಮೇಲೆ ಬಂಡೆ. ಪುಟ್ಟಜ್ಜಿ ಕೋಳಿಗಳ ಹತ್ತಿರ ಹೋಗಿ ಬಂದು, ಕೊನೆಗೆ ಗೋಪುರದ ಗೋಡೆಗೆ ಎರಡೂ ಅಂಗೈ ಒತ್ತಿ ನಿಂತಿತು. ಕೋಣ ಕೂಗಿತು. ಕೂಗು ಅಂಗೈಯಿಂದ ಭುಜದವರೆಗೆ ಹತ್ತಿದ್ದು ಅದರ ಮುಖದಲ್ಲೇ ಕಾಣುತ್ತಿತ್ತು. ಗೋಡೆಯನ್ನು ಒಮ್ಮೆ ತಟ್ಟಿ, ಅಪ್ಪನ ಕೈ ಹಿಡಿದು ಕಡಲಕಟ್ಟೆಯ ಕಡೆ ನಡೆಯಿತು. ಅವರು ಅರ್ಧ ದಾರಿ ಇಳಿದಿರಬೇಕು, ದೂರದ ದಿಗಂತ ಗೆರೆ ಎಳೆದಂತೆ ಕಂಡಿತು. ಸಹಾಯಕ ಕೋಣವನ್ನು ನಿಲ್ಲಿಸಿ, ಟ್ರಂಕು ಹೊತ್ತು ಹಿಂದೆಯೇ ಓಡಿಬಂದ. "ಕಟ್ಟಿಹಾಕಿ ಬಂದೆ ಅಕ್ಕಾ," ಅಂದ. ಮಗುವಿಗೆ ಅದನ್ನು ಯಾರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೆ ತಾನೆ ಹೊಳೆಯಬೇಕು?

ಕಟ್ಟೆಯ ಮೇಲೆ ಅವಳು ಮಗುವಿನ ಮುಂದೆ ಮಂಡಿಯೂರಿ ಕೂತು ಸ್ವೆಟರಿನ ಗುಂಡಿ ಹಾಕಿದಳು. ಮಗುವಿನ ಕಣ್ಣು ಅವಳ ತುಟಿಗೆ ಅಂಟಿಕೊಂಡು ಕಾಯುತ್ತಿತ್ತು. ಇಷ್ಟು ಹತ್ತಿರ, ಇಷ್ಟು ಬೆಳಕಿನಲ್ಲಿ, ಹೇಳಿದರೆ ಒಂದಕ್ಷರ ತಪ್ಪುತ್ತಿರಲಿಲ್ಲ. ಸದ್ದು ಮಾಡದೆ ತುಟಿಯಲ್ಲೇ ಹೇಳಬಹುದಿತ್ತು, ಪಕ್ಕದಲ್ಲಿ ನಿಂತ ಗಂಡಸರಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಅದೇ ತುಟಿಯಲ್ಲಿ, ಅದೇ ಬಗೆಯಲ್ಲಿ ಹೇಳಿದ ಮಾತನ್ನು ಮಗು ಯಾಕೆ ನಂಬಬೇಕು? "ಊಟ ಸರಿಯಾಗಿ ಮಾಡು," ಅಂದಳು. "ಗುಂಡಿ ಕಿತ್ತುಹೋದ್ರೆ ಯಾರಿಗಾದ್ರೂ ಹೇಳು." ಮಗು ತಲೆಯಾಡಿಸಿತು. ಇನ್ನೂ ಏನೋ ಇದೆಯೆಂಬಂತೆ ಒಂದು ಗಳಿಗೆ ನಿಂತಿತು. ಏನೂ ಬಾರದ್ದು ನೋಡಿ, ದೊಡ್ಡವರ ಹಾಗೆ ಅವಳ ಕೆನ್ನೆ ಸವರಿ, ದೋಣಿ ಹತ್ತಿತು.

ದೋಣಿಯವನು ಹಗ್ಗ ಬಿಚ್ಚಿದ. ಸಮುದ್ರ ಎಣ್ಣೆ ಸುರಿದ ಹಾಗೆ ಸುಮ್ಮನಿತ್ತು. ಗಂಡ ಕಟ್ಟೆಯ ಕಡೆ ಬಾಗಿ, "ನೋಡು, ಬಿಸಿಲು ಬರೋ ಹಾಗಿದೆ. ಮೇಲಿನ ಪರದೆ ಎಳೆಯೋದು" ಎನ್ನುತ್ತಿದ್ದ, ಅದೇ ಹೊತ್ತಿಗೆ ಮಗುವೂ ತನ್ನ ದೊಡ್ಡ ಗಂಟಲಿನಲ್ಲಿ, "ಅಮ್ಮಾ, ಕಪ್ಪು ಕೋಳಿಗೆ" ಎಂದು ಶುರುಮಾಡಿತ್ತು. ಎಂಜಿನ್ನಿಗೆ ಜೀವ ಬಂತು. ಅದರ ಸದ್ದು ಹೆಚ್ಚಿರಲಿಲ್ಲ. ಆದರೆ ದೋಣಿಯ ಹಲಗೆಗಳು ಒಮ್ಮೆ ಗಡಗಡ ನಡುಗಿದವು. ಮಗು ಥಟ್ಟನೆ ಮಾತು ನಿಲ್ಲಿಸಿತು. ಕಾಲ ಕೆಳಗೆ ನೋಡಿತು. ಅದರ ಮುಖಕ್ಕೆ ಆ ಕಾಯುವ ಕಳೆ ಬಂತು, ಕೋಣ ಕೂಗುವಾಗ ಎಲ್ಲರ ಮುಖಕ್ಕೂ ಬರುವಂಥದ್ದು. ಅವಳಿಗೆ ತಿಳಿಯಿತು. ಬೇಡ ಎಂದು ಕೈ ಎತ್ತಿದಳು. ಮಗು ಅಪ್ಪನ ಕಡೆ ಒಮ್ಮೆ ಕಳ್ಳನೋಟ ಹರಿಸಿ, ಅವನಿಗೆ ಕೇಳಿಸುವುದಿಲ್ಲ ಎಂಬ ನೆಮ್ಮದಿಯಿಂದ, ಅವಳ ಕಡೆಗೇ ಮುಖವಿಟ್ಟು, ಒಂದೊಂದೇ ಪದ ಬಿಡಿಸಿ ಹೇಳಿತು:

"ಇನ್ನು ನೀನು ದೋಣಿ ಹತ್ತಿ ಹೋಗಿಬಿಡಬಹುದು ಅಮ್ಮ. ನಾನಿರಲ್ವಲ್ಲ. ಅಪ್ಪನಿಗೆ ನಾನು ಏನೂ ಹೇಳಿಲ್ಲ."

ಸ್ವಚ್ಛ ಗಾಳಿಯಲ್ಲಿ ಆ ದನಿ ಗೋಪುರದವರೆಗೂ ಕೇಳುವಂತಿತ್ತು. ದೋಣಿಯವನು ಚುಕ್ಕಾಣಿಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ. ಸಹಾಯಕ ಬರಿಗೈಯಲ್ಲಿ ಹಗ್ಗ ಹುಡುಕುವವನಂತೆ ಅತ್ತಿತ್ತ ನೋಡಿದ. ಕೂಗಲಿ, ದೇವರೇ, ಒಂದೇ ಒಂದು ಸಲ ಅದು ಕೂಗಲಿ ಎಂದು ಅವಳು ಬೇಡಿಕೊಂಡಳು. ಮಗು ಉತ್ತರಕ್ಕೆ ಕಾಯುತ್ತಿತ್ತು. ಅದರ ಮುಖದಲ್ಲಿ ಆಕ್ಷೇಪಣೆಯ ಒಂದು ಎಳೆಯೂ ಇರಲಿಲ್ಲ. ಬಹಳ ದಿನದಿಂದ ಜೋಪಾನ ಮಾಡಿದ್ದ ಉಡುಗೊರೆ ಕೊಟ್ಟವರ ಹಾಗೆ, ಅವಳಿಗೆ ಸಂತೋಷವಾಯಿತೋ ಇಲ್ಲವೋ ಎಂದು ನೋಡುತ್ತಿತ್ತು. ಏನು ಮಾಡುವುದು? ಎತ್ತಿದ್ದ ಕೈಯನ್ನು ಇಳಿಸಿ, ಹೂಂ ಎಂದು ತಲೆಯಾಡಿಸಿದಳು. ಮಗು ನಕ್ಕಿತು.

ದೋಣಿ ಕಟ್ಟೆ ಬಿಟ್ಟು ತಿರುಗಿತು. ಎಂಜಿನ್ನು ಹದಕ್ಕೆ ಬಂದು ಹಲಗೆಗಳ ನಡುಕ ಇಳಿಯಿತು. ಮಗುವಿನ ಮುಖ ಸಡಿಲವಾಯಿತು. "ಬೇರೆ ಬಟ್ಟಲಲ್ಲಿ ನೀರಿಡು, ಮರೀಬೇಡ," ಎಂದು ತನ್ನ ಮಾತನ್ನು ಮುಗಿಸಿ ಕೈ ಬೀಸತೊಡಗಿತು. ಅದರ ಪಕ್ಕದಲ್ಲಿ ಗಂಡ ಅವಳನ್ನೇ ನೋಡುತ್ತ, ಬಾಯಿ ಅರೆತೆರೆದು ನಿಂತಿದ್ದ. ಕಡಲಕಟ್ಟೆಯ ತುದಿಯವರೆಗೆ ನಡೆದುಹೋಗಿ ಅವಳು ಕಾದಳು. ದೋಣಿ ಚಿಕ್ಕದಾಯಿತು, ಮಂಜೆಲ್ಲ ಹರಿದು ಬಿಸಿಲು ಬಿತ್ತು. ಪರದೆಯ ಬಗ್ಗೆ ಅರ್ಧಕ್ಕೆ ನಿಲ್ಲಿಸಿದ್ದ ಮಾತನ್ನು ಅವನು ಮತ್ತೆ ಎತ್ತಿಕೊಳ್ಳಲಿಲ್ಲ.